ಮೊದಲು ಡಿಸ್ಕ್ ನೋಡಿ, ಆಮೇಲೆ ಪ್ಲೇಯರ್ ಕೊಳ್ಳಿ

ನಮಸ್ಕಾರ. ತುಮಕೂರಿನಲ್ಲಿ 4ಕೆ ಡಿಸ್ಕ್ ಪ್ಲೇಯರ್, ಅಂದರೆ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಡಿಸ್ಕ್ ಓಡಿಸುವ ಡಬ್ಬ, ಹುಡುಕಲು ಹೊರಟರೆ, ಅದು ಏನು ಅಂತ ಅಂಗಡಿಯವರಿಗೆ ನಾವೇ ತಿಳಿಸಿ ಹೇಳಬೇಕು. ಎಂ.ಜಿ. ರಸ್ತೆಯ ಒಂದು ಶೋರೂಮಿನಲ್ಲಿ ‘ಅಲ್ಟ್ರಾ ಎಚ್‌ಡಿ ಬ್ಲೂ-ರೇ ಪ್ಲೇಯರ್ ಇದೆಯಾ’ ಅಂತ ಕೇಳಿದೆ. ಹುಡುಗ ಒಳಗೆ ಹೋಗಿ, ಟಿವಿ ಹಿಂದೆ ಸಿಕ್ಕಿಸುವ ಸ್ಟಿಕ್ ಒಂದನ್ನು ತಂದು ಕೈಗಿಟ್ಟ. ‘ಇದ್ರಲ್ಲೇ ಎಲ್ಲಾ ಬರುತ್ತೆ ಸಾರ್. ಡಿಸ್ಕ್ ಯಾಕೆ ಈ ಕಾಲದಲ್ಲಿ?’ ಅಂದ.

ಕೇಳಿದ್ದರಲ್ಲಿ ತಪ್ಪೇನಿಲ್ಲ. ಅದಕ್ಕೆ ಉತ್ತರ ಕೊಟ್ಟೇ ಮುಂದೆ ಹೋಗೋಣ.

ನೆಟ್‌ಫ್ಲಿಕ್ಸ್ ತಾನೇ ಹೇಳುವ ಲೆಕ್ಕದಲ್ಲಿ 4ಕೆ ಸಿನಿಮಾ ಗಂಟೆಗೆ ಹೆಚ್ಚೆಂದರೆ 7 ಜಿಬಿ ಡೇಟಾ ತಿನ್ನುತ್ತದೆ. 4ಕೆ ಡಿಸ್ಕ್‌ನಲ್ಲಿ ಜಾಗ ಇರುವುದು 50, 66 ಅಥವಾ 100 ಜಿಬಿ. 66 ಜಿಬಿ ಡಿಸ್ಕ್‌ನಲ್ಲಿ ಎರಡು ಗಂಟೆಯ ಸಿನಿಮಾ ಇದೆ ಅಂದುಕೊಳ್ಳಿ. ಗಂಟೆಗೆ 30 ಜಿಬಿ ಹತ್ತಿರ ಆಯಿತು, ಅಂದರೆ ನಾಲ್ಕು ಪಟ್ಟು. ಮನೆಗೆ 200 ಎಂಬಿಪಿಎಸ್ ಫೈಬರ್ ಹಾಕಿಸಿದ್ದೇನಲ್ಲ ಅನ್ನಬೇಡಿ. ಪೈಪು ದಪ್ಪ ಇದೆ ಅಂತ ಟ್ಯಾಂಕಿನವನು ಜಾಸ್ತಿ ನೀರು ಬಿಡುವುದಿಲ್ಲ.

ವ್ಯತ್ಯಾಸ ಎಲ್ಲಿ ಕಾಣುತ್ತದೆ? ಹಗಲು ಹೊತ್ತಿನಲ್ಲಿ ಇಬ್ಬರು ಕುಳಿತು ಮಾತಾಡುವ ದೃಶ್ಯದಲ್ಲಿ ಖಂಡಿತ ಇಲ್ಲ. ರಾತ್ರಿ ದೃಶ್ಯ ಹಾಕಿ. ಹೊಗೆ, ಮಂಜು, ಜೋರು ಮಳೆ ಇರುವ ದೃಶ್ಯ ಹಾಕಿ. ಸ್ಟ್ರೀಮಿಂಗ್‌ನಲ್ಲಿ ಕತ್ತಲ ಆಕಾಶ ಕಪ್ಪಿನಿಂದ ನೀಲಿಗೆ ತಿರುಗುವ ಜಾಗದಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಮಳೆ ಹನಿಗಳೆಲ್ಲ ಕಲಸಿಹೋಗುತ್ತವೆ. ಹಳೆಯ ಫಿಲಂ ಸಿನಿಮಾಗಳ ಸಣ್ಣ ಕಾಳು, ಗ್ರೇನ್ ಅಂತಾರಲ್ಲ, ಅದನ್ನಂತೂ ಒರೆಸಿ ಹಾಕಿಬಿಡುತ್ತದೆ. ಡಿಸ್ಕ್‌ನಲ್ಲಿ ಅದು ಹಾಗೇ ಉಳಿದಿರುತ್ತದೆ.

ಸದ್ದಿನಲ್ಲೂ ಅಷ್ಟೇ. ಸ್ಟ್ರೀಮಿಂಗ್‌ನ ಅಟ್ಮಾಸ್, ಅಂದರೆ ತಲೆ ಮೇಲಿಂದಲೂ ಕೇಳುವ ಸುತ್ತುಸದ್ದು, ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್‌ನಲ್ಲಿ, ಹಿಂಡಿ ಚಿಕ್ಕದು ಮಾಡಿದ ರೂಪ. ಡಿಸ್ಕ್‌ನಲ್ಲಿ ಟ್ರೂಎಚ್‌ಡಿ ಅಥವಾ ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ, ಏನೂ ಕಳೆಯದ ಸದ್ದು. ಆದರೆ ನೀವು ಟಿವಿಯ ಸ್ಪೀಕರ್‌ನಲ್ಲೇ ಕೇಳುವವರಾದರೆ ಈ ಮಾತನ್ನು ಮರೆತುಬಿಡಿ.

ಇನ್ನು 4ಕೆ ಅನ್ನೋ ಅಕ್ಷರದ ಬಗ್ಗೆ. ನಮ್ಮ ಹಾಲ್‌ನಲ್ಲಿರುವುದು 55 ಇಂಚಿನ ಟಿವಿ, ಸೋಫಾ ಅದರಿಂದ 11 ಅಡಿ ದೂರ. ಕಣ್ಣು ಚೆನ್ನಾಗಿರುವವರಿಗೂ 55 ಇಂಚಿನಲ್ಲಿ ಸುಮಾರು 7 ಅಡಿ ದಾಟಿದರೆ ಮಾಮೂಲಿ 1080ಪಿ, ಅಂದರೆ ಫುಲ್ ಎಚ್‌ಡಿ ಚಿತ್ರದ ಪಿಕ್ಸೆಲ್‌ಗಳೇ ಬಿಡಿಬಿಡಿಯಾಗಿ ಕಾಣುವುದಿಲ್ಲ. ಅಂದರೆ ನಮ್ಮ ಸೋಫಾದಿಂದ ಪಿಕ್ಸೆಲ್ ಎಣಿಕೆ ದೊಡ್ಡ ಲಾಭ ಕೊಡುವುದಿಲ್ಲ. ಲಾಭ ಇರುವುದು ಎಚ್‌ಡಿಆರ್‌ನಲ್ಲಿ, ಅಂದರೆ ತೀರಾ ಕತ್ತಲು ತೀರಾ ಬೆಳಕು ಎರಡನ್ನೂ ವಿವರವಾಗಿ ತೋರಿಸುವ ವಿಧಾನದಲ್ಲಿ, ಹೆಚ್ಚು ಛಾಯೆಗಳಿರುವ 10 ಬಿಟ್ ಬಣ್ಣದಲ್ಲಿ, ಕಡಿಮೆ ಹಿಂಡಿದ ಚಿತ್ರದಲ್ಲಿ. ಅದಕ್ಕೇ ಬರೀ ‘4ಕೆ ಅಪ್‌ಸ್ಕೇಲಿಂಗ್’ (ಚಿಕ್ಕ ಚಿತ್ರವನ್ನು 4ಕೆ ಅಳತೆಗೆ ಹಿಗ್ಗಿಸುವುದು) ಅಂತ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ಪ್ಲೇಯರ್ ಕಂಡರೆ ಎಚ್ಚರ. ಅದು ಹಳೆಯ ಬ್ಲೂ-ರೇ ಪ್ಲೇಯರ್. 4ಕೆ ಡಿಸ್ಕ್ ಅದರಲ್ಲಿ ಓಡುವುದೇ ಇಲ್ಲ. ಡಬ್ಬದ ಮೇಲೆ ‘ಅಲ್ಟ್ರಾ ಎಚ್‌ಡಿ ಬ್ಲೂ-ರೇ’ ಲೋಗೋ ಇರಲೇಬೇಕು.

ಈಗ ಟಿವಿ ಕೆಳಗಿನ ಡ್ರಾಯರ್ ತೆಗೆಯುತ್ತೇನೆ. ಯಾವ ಪ್ಲೇಯರ್ ಅನ್ನುವುದನ್ನು ತೀರ್ಮಾನ ಮಾಡುವುದು ಇದು.

ಮೇಲಿನ ಸಾಲಿನಲ್ಲಿ ಅಪ್ಪನ ಕನ್ನಡ ವಿಸಿಡಿಗಳು. ಒಂದೊಂದು ಸಿನಿಮಾಗೂ ಎರಡು ಮೂರು ಡಿಸ್ಕ್, ಯಾಕೆಂದರೆ ಒಂದರಲ್ಲಿ ಹಿಡಿಯುವುದು 74ರಿಂದ 80 ನಿಮಿಷ ಮಾತ್ರ. ಚಿತ್ರ ಬರೀ 352×288. ಹಾಡು ಅರ್ಧಕ್ಕೆ ಬಂದಾಗ ಎದ್ದು ಹೋಗಿ ಎರಡನೇ ಡಿಸ್ಕ್ ಹಾಕುತ್ತಿದ್ದದ್ದು ನಿಮಗೂ ನೆನಪಿರಬೇಕು ಅಲ್ವಾ. ಹೊಸ ಪ್ಲೇಯರ್‌ಗಳು ಎಲ್ಲವೂ ವಿಸಿಡಿ ಓಡಿಸುತ್ತವೆ ಅನ್ನುವ ಭರವಸೆ ಇಲ್ಲ. ಮ್ಯಾನುಯಲ್‌ನಲ್ಲಿ ‘ಓಡುವ ಡಿಸ್ಕ್‌ಗಳು’ ಅನ್ನುವ ಪುಟ ತೆಗೆದು ನೋಡಿ. ಇಲ್ಲದಿದ್ದರೂ ಚಿಂತೆ ಬೇಡ. ಡಿವಿಡಿ ಡ್ರೈವ್ ಇರುವ ಕಂಪ್ಯೂಟರ್‌ನಲ್ಲಿ ವಿಸಿಡಿ ಹಾಕಿ. ‘ಎಂಪಿಇಜಿಎವಿ’ ಅನ್ನುವ ಫೋಲ್ಡರ್‌ನಲ್ಲಿ ‘ಡಿಎಟಿ’ ಕೊನೆಯ ಒಂದು ದೊಡ್ಡ ಫೈಲ್ ಇರುತ್ತದೆ. ಸಿನಿಮಾ ಅಂದರೆ ಅದೇ. ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿಟ್ಟುಕೊಳ್ಳಿ. ಈಗಲೇ ಮಾಡಿ, ಈ ಡಿಸ್ಕ್‌ಗಳ ಬೆಳ್ಳಿ ಪದರ ಅಂಚಿನಿಂದ ಕಿತ್ತು ಬರಲು ಶುರುವಾಗಿದೆ. ನೋಡಿ, ಇಲ್ಲಿ ಬೆರಳಿಟ್ಟ ಕಡೆ ಆಚೆಗಿನ ಬೆಳಕೇ ಕಾಣುತ್ತಿದೆ.

ಅದರ ಕೆಳಗೆ ಡಿವಿಡಿಗಳು. ಇವು ಯಾವ ಪ್ಲೇಯರ್‌ನಲ್ಲೂ ಓಡುತ್ತವೆ, ಒಂದು ಕಡೆಯ ಡಿಸ್ಕ್ ಇನ್ನೊಂದು ಕಡೆಯ ಪ್ಲೇಯರ್‌ನಲ್ಲಿ ಓಡದಂತೆ ಹಾಕುವ ಪ್ರದೇಶದ ಬೀಗ ಇಲ್ಲದಿದ್ದರೆ. ದುಬಾರಿ ಪ್ಲೇಯರ್ ತಂದರೆ ಹಳೆಯ ಡಿವಿಡಿ 4ಕೆ ಆಗಿಬಿಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಡಿವಿಡಿಯಲ್ಲಿ 576 ಗೆರೆ ಇದ್ದರೆ ಇರುವುದು ಅಷ್ಟೇ. ಒಳ್ಳೆಯ ಪ್ಲೇಯರ್ ಅಂಚುಗಳನ್ನು ನಯ ಮಾಡುತ್ತದೆ. ಮೂಲೆಯಲ್ಲಿರುವ ಕಂಪನಿ ಲೋಗೋವನ್ನೂ ಅಷ್ಟೇ ಪ್ರೀತಿಯಿಂದ ನಯ ಮಾಡುತ್ತದೆ.

ಮೂರನೆಯದು ತಲೆನೋವಿನ ಸಾಲು. ಅಕ್ಕ ಇಂಗ್ಲೆಂಡಿನಲ್ಲಿದ್ದಾಳೆ. ಊರಿಗೆ ಬಂದಾಗಲೆಲ್ಲ ಅಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಿಂದ ಬ್ಲೂ-ರೇ ತರುತ್ತಾಳೆ. ಬ್ಲೂ-ರೇ ಲೋಕವನ್ನು ಎ, ಬಿ, ಸಿ ಅಂತ ಮೂರು ಪ್ರದೇಶ ಮಾಡಿ ಹಂಚಿಕೊಂಡಿದ್ದಾರೆ. ಅಮೆರಿಕ, ಜಪಾನ್ ಎಲ್ಲ ಎ. ಯುರೋಪ್, ಆಸ್ಟ್ರೇಲಿಯಾ ಬಿ. ನಾವು, ಚೀನಾ, ರಷ್ಯಾ ಸಿ. ಇಂಗ್ಲೆಂಡಿನ ಬೀಗ ಹಾಕಿದ ಡಿಸ್ಕ್ ಭಾರತದ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಎಲ್ಲ ಕಂಪನಿಯವರೂ ಬೀಗ ಹಾಕುವುದಿಲ್ಲ ಅನ್ನುವುದೇ ಸಮಾಧಾನ. ಕವರ್ ಹಿಂಬದಿ ಕೆಳಗೆ ಸಣ್ಣ ಗುರುತಿನಲ್ಲಿ ಅಕ್ಷರ ಇರುತ್ತದೆ. ಎಬಿಸಿ ಮೂರೂ ಇದ್ದರೆ ಎಲ್ಲಿ ಬೇಕಾದರೂ ಹಾಕಬಹುದು.

4ಕೆ ಡಿಸ್ಕ್‌ಗೆ ಈ ಕಾಟ ಇಲ್ಲ. ಅಲ್ಟ್ರಾ ಎಚ್‌ಡಿ ಬ್ಲೂ-ರೇಗೆ ಪ್ರದೇಶದ ಕೋಡ್ ಇಲ್ಲ. ಲಂಡನ್ನಿನಲ್ಲಿ ಕೊಂಡದ್ದು ತುಮಕೂರಿನಲ್ಲಿ ಓಡುತ್ತದೆ, ಟೋಕಿಯೋದಲ್ಲೂ ಓಡುತ್ತದೆ. ಆದರೆ ಒಂದು ಕಿತಾಪತಿ ಇದೆ. ಬಹಳಷ್ಟು 4ಕೆ ಡಬ್ಬಗಳಲ್ಲಿ ಎರಡು ಡಿಸ್ಕ್ ಇರುತ್ತವೆ, ಒಂದು 4ಕೆ, ಇನ್ನೊಂದು ಮಾಮೂಲಿ ಬ್ಲೂ-ರೇ. ಶೂಟಿಂಗ್ ಹೇಗೆ ನಡೆಯಿತು, ನಿರ್ದೇಶಕರ ಮಾತು, ಅಂಥ ಹೆಚ್ಚುವರಿ ವಿಡಿಯೋಗಳೆಲ್ಲ ಸಾಮಾನ್ಯವಾಗಿ ಆ ಎರಡನೆಯದರಲ್ಲಿ. ಅದಕ್ಕೆ ಬೀಗ ಇರಬಹುದು. ಸಿನಿಮಾ ನೋಡಿದಿರಿ, ಅದರ ಹಿಂದಿನ ಕತೆ ನೋಡಲು ಆಗಲಿಲ್ಲ, ಹಾಗಾಗುತ್ತದೆ.

ಅಂದ ಹಾಗೆ, 4ಕೆ ಡಿಸ್ಕ್‌ನಲ್ಲಿ ಕನ್ನಡ ಸಿನಿಮಾ ನಾನಂತೂ ಕಂಡಿಲ್ಲ. ಕನ್ನಡಕ್ಕೋಸ್ಕರ ಈ ಪ್ಲೇಯರ್ ತರುತ್ತೇನೆ ಅಂತ ಯಾರಾದರೂ ಹೊರಟಿದ್ದರೆ ಬೇಡ, ಆ ದುಡ್ಡನ್ನು ಟಿವಿಗೆ ಹಾಕಿ.

ಮಾರುಕಟ್ಟೆಯಲ್ಲಿ ಉಳಿದಿರುವವರೂ ಕಡಿಮೆ. ಈ ಡಿಸ್ಕ್‌ಗಳು ಬಂದದ್ದು 2016ರಲ್ಲಿ. ಎಲ್ಲರೂ ಹೊಗಳುತ್ತಿದ್ದ ಒಪ್ಪೋ 2018ರಲ್ಲಿ ಕೈಬಿಟ್ಟಿತು. 2019ರಲ್ಲಿ ಸ್ಯಾಮ್‌ಸಂಗ್, 2024ರಲ್ಲಿ ಎಲ್‌ಜಿ. ಈಗ ಹೆಸರು ಕೇಳಿಬರುವುದು ಪ್ಯಾನಾಸೋನಿಕ್, ಸೋನಿ, ಆಮೇಲೆ ಸಂಗೀತದ ಹುಚ್ಚಿರುವವರಿಗೆ ಮ್ಯಾಗ್ನೆಟಾರ್. ಮಕ್ಕಳ ಹೆಸರಿನಲ್ಲಿ ಮನೆಗೆ ಬಂದ ಪ್ಲೇಸ್ಟೇಷನ್ 5 ಇದ್ದರೆ, ಡಿಸ್ಕ್ ಹಾಕುವ ಮಾದರಿಯಾದರೆ, ಅದರಲ್ಲೂ 4ಕೆ ಡಿಸ್ಕ್ ಓಡುತ್ತದೆ. ಮೊದಲು ಅದರಲ್ಲಿ ನೋಡಿ ರುಚಿ ಹತ್ತಿದರೆ ಮಾತ್ರ ಮುಂದಿನ ಖರ್ಚು. ಡಿಸ್ಕ್‌ನ ಡಾಲ್ಬಿ ವಿಷನ್ ಅದರಲ್ಲಿ ಬರುವುದಿಲ್ಲ, ಆಡಿಯೋ ಸಿಡಿಯೂ ಓಡುವುದಿಲ್ಲ.

ಡಾಲ್ಬಿ ವಿಷನ್ ಅಂದೆ. ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಪ್ಲೇಯರ್ ಆಯ್ಕೆಯಲ್ಲಿ ಜನ ಎಡವುವುದು ಇಲ್ಲೇ.

ಎಲ್ಲ ಎಚ್‌ಡಿಆರ್ ಡಿಸ್ಕ್‌ನಲ್ಲೂ ಎಚ್‌ಡಿಆರ್10 ಇರುತ್ತದೆ. ಅದರಲ್ಲಿ ಇಡೀ ಸಿನಿಮಾಗೆ ಸೇರಿ ಬೆಳಕಿನ ಒಂದೇ ಸೂಚನೆ. ಡಾಲ್ಬಿ ವಿಷನ್ ಮತ್ತು ಎಚ್‌ಡಿಆರ್10 ಪ್ಲಸ್‌ನಲ್ಲಿ ದೃಶ್ಯ ದೃಶ್ಯಕ್ಕೂ ಬೇರೆ ಸೂಚನೆ. ಸ್ಯಾಮ್‌ಸಂಗ್ ಟಿವಿಗಳಲ್ಲಿ ಡಾಲ್ಬಿ ವಿಷನ್ ಇಲ್ಲ, ಎಚ್‌ಡಿಆರ್10 ಪ್ಲಸ್ ಇದೆ. ಎಲ್‌ಜಿಯಲ್ಲಿ ಉಲ್ಟಾ. ಸೋನಿಯ ಎಕ್ಸ್700, ಎಕ್ಸ್800ಎಂ2 ಪ್ಲೇಯರ್‌ಗಳಲ್ಲಿ ಡಾಲ್ಬಿ ವಿಷನ್ ಇದೆ, ಎಚ್‌ಡಿಆರ್10 ಪ್ಲಸ್ ಇಲ್ಲ. ಅವುಗಳಲ್ಲಿ ಡಾಲ್ಬಿ ವಿಷನ್‌ನ ಸ್ವಿಚ್ಚನ್ನು ಮೆನುವಿಗೆ ಹೋಗಿ ಕೈಯಾರೆ ಆನ್ ಆಫ್ ಮಾಡಬೇಕು. ಆನ್ ಇಟ್ಟು ಮರೆತರೆ ಮಾಮೂಲಿ ಎಚ್‌ಡಿಆರ್10 ಡಿಸ್ಕನ್ನೂ ಡಾಲ್ಬಿ ವಿಷನ್ ವೇಷ ಹಾಕಿ ಕಳಿಸುತ್ತದೆ, ಬಣ್ಣ ಎಡವಟ್ಟಾಗುತ್ತದೆ. ನನಗೆ ಇದು ಸರಿ ಹೋಗುವುದಿಲ್ಲ. ಸಿನಿಮಾ ಹಾಕುವ ಮೊದಲು ಮೆನು ಓದುವ ಕೆಲಸ ಅಮ್ಮನಿಗೆ ಹೇಳಲಿಕ್ಕೆ ಆಗುತ್ತದೆಯೇ?

ಪ್ಯಾನಾಸೋನಿಕ್ ಯುಬಿ820ರಲ್ಲಿ ಎರಡೂ ಇವೆ, ಯಾವುದು ಬೇಕೋ ಅದೇ ಆರಿಸಿಕೊಳ್ಳುತ್ತದೆ. ಅದಕ್ಕಿಂತ ನನ್ನನ್ನು ಸೆಳೆದದ್ದು ಅದರ ಎಚ್‌ಡಿಆರ್ ಆಪ್ಟಿಮೈಜರ್. ನಿಟ್ ಅಂದರೆ ಪರದೆಯ ಬೆಳಕಿನ ಅಳತೆ. ಡಿಸ್ಕ್‌ಗಳನ್ನು 1000 ನಿಟ್, ಕೆಲವನ್ನು 4000 ನಿಟ್ ಬೆಳಕಿಗೆ ತಯಾರಿಸಿರುತ್ತಾರೆ. ನಮ್ಮಂಥವರ ಮಧ್ಯಮ ಬೆಲೆಯ ಟಿವಿಗೆ ಅಷ್ಟು ಬೆಳಕು ಎಲ್ಲಿಂದ ಬರಬೇಕು? ಆಗ ಮೋಡ, ಬಲ್ಬು, ಬೆಂಕಿ ಎಲ್ಲ ಬರೀ ಬಿಳಿ ಮಚ್ಚೆಯಾಗುತ್ತವೆ. ಈ ಪ್ಲೇಯರ್‌ಗೆ ನಿಮ್ಮದು ಒಎಲ್‌ಇಡಿಯಾ, ಸಾಧಾರಣ ಎಲ್‌ಸಿಡಿಯಾ, ಪ್ರೊಜೆಕ್ಟರಾ ಅಂತ ಮೊದಲೇ ಹೇಳಿಟ್ಟರೆ, ಟಿವಿಗೆ ತಡೆಯುವಷ್ಟಕ್ಕೆ ಬೆಳಕನ್ನು ತಾನೇ ಹದ ಮಾಡಿ ಕಳಿಸುತ್ತದೆ. ಮೋಡದ ಒಳಗಿನ ಗೆರೆ ಮತ್ತೆ ಕಾಣುತ್ತದೆ. ಇದು ಎಚ್‌ಡಿಆರ್10 ಡಿಸ್ಕ್‌ಗೆ, ಡಾಲ್ಬಿ ವಿಷನ್‌ಗೆ ಅಲ್ಲ. ಒಂದು ಮಾತು ನೆನಪಿರಲಿ, ಕೆಲವು ಟಿವಿಗಳಲ್ಲಿ ಎಚ್‌ಡಿಎಂಐ ಪೋರ್ಟ್‌ನ ಸೆಟ್ಟಿಂಗ್ ಬದಲಾಯಿಸದಿದ್ದರೆ ಎಚ್‌ಡಿಆರ್ ಬರುವುದೇ ಇಲ್ಲ. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ‘ಇನ್‌ಪುಟ್ ಸಿಗ್ನಲ್ ಪ್ಲಸ್’. ಎಲ್‌ಜಿಯಲ್ಲಿ ‘ಡೀಪ್ ಕಲರ್’.

ಸದ್ದಿನ ವಿಷಯ ಬೇಗ ಮುಗಿಸುತ್ತೇನೆ. ಪ್ಲೇಯರನ್ನು ಟಿವಿಗೆ, ಟಿವಿಯಿಂದ ಸೌಂಡ್‌ಬಾರ್‌ಗೆ ಅಂತ ಕೊಟ್ಟರೆ, ಟಿವಿಯಲ್ಲಿ ಇಎಆರ್‌ಸಿ (ಟಿವಿಯಿಂದ ಪೂರ್ತಿ ಸದ್ದನ್ನು ಹೊರಗೆ ಕಳಿಸುವ ಎಚ್‌ಡಿಎಂಐ ಸೌಲಭ್ಯ) ಇಲ್ಲದಿದ್ದರೆ ಟ್ರೂಎಚ್‌ಡಿ ದಾಟುವುದಿಲ್ಲ. ಕೆಲವು ಟಿವಿಗಳು ಡಿಟಿಎಸ್ ಸದ್ದನ್ನು ಮುಟ್ಟುವುದೂ ಇಲ್ಲ. ಅದಕ್ಕೆ ಹಿಂದೆ ಎರಡು ಎಚ್‌ಡಿಎಂಐ ಇರುವ ಪ್ಲೇಯರ್ ನೋಡಿ. ಒಂದು ಟಿವಿಗೆ, ಇನ್ನೊಂದು ನೇರ ಸೌಂಡ್‌ಬಾರ್‌ಗೆ ಅಥವಾ ಸ್ಪೀಕರ್‌ಗಳನ್ನು ನಡೆಸುವ ರಿಸೀವರ್‌ಗೆ. ಹಳೆಯ ರಿಸೀವರ್‌ನಲ್ಲಿ 4ಕೆ ಚಿತ್ರಕ್ಕೆ ಬೇಕಾದ ನಕಲು ತಡೆ, ಎಚ್‌ಡಿಸಿಪಿ 2.2, ಇಲ್ಲದಿದ್ದರೂ ಆಗ ತೊಂದರೆ ಇಲ್ಲ, ಚಿತ್ರ ಬೇರೆ ದಾರಿಯಲ್ಲಿ ಹೋಗುತ್ತದೆ.

ಆನ್‌ಲೈನ್‌ನಲ್ಲಿ ಆಮದು ಮಾಲು ಕೊಳ್ಳುವವರು ಪ್ಲೇಯರ್ ಹಿಂಬದಿಯ ಚೀಟಿಯ ಫೋಟೋ ಕೇಳಿ ತರಿಸಿಕೊಳ್ಳಿ. ಅಮೆರಿಕಕ್ಕೆ ಅಂತ ಮಾಡಿದ್ದರ ಮೇಲೆ ‘120 ವೋಲ್ಟ್’ ಅಂತ ಮಾತ್ರ ಇರಬಹುದು. ಅದನ್ನು ನಮ್ಮ 230 ವೋಲ್ಟ್‌ಗೆ ಸಿಕ್ಕಿಸಿದರೆ ಸಿನಿಮಾ ಬದಲು ಹೊಗೆ ನೋಡಬೇಕಾಗುತ್ತದೆ. ಇಂಗ್ಲೆಂಡಿನದಾದರೆ ವೋಲ್ಟೇಜ್ ನಮ್ಮದೇ, ಪಿನ್ ಮಾತ್ರ ಚೌಕ. ವಾರಂಟಿ ಯಾವ ದೇಶದ್ದು ಅನ್ನುವುದನ್ನೂ ಕೇಳಿ. ಇಲ್ಲಿ ಕೆಟ್ಟರೆ ಬಹುಶಃ ನಾವೇ ಗತಿ.

ಧೂಳಿನ ಮಾತು ಬಿಟ್ಟರೆ ತುಮಕೂರಿನ ವಿಡಿಯೋ ಪೂರ್ತಿ ಆಗುವುದಿಲ್ಲ. ಡಿವಿಡಿಯಲ್ಲಿ ಮಾಹಿತಿ ಇರುವುದು 0.6 ಮಿಲಿಮೀಟರ್ ಆಳದಲ್ಲಿ. ಬ್ಲೂ-ರೇಯಲ್ಲಿ 0.1 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಮೇಲ್ಮೈಯಲ್ಲೇ. ಮೇಲೆ ಗಟ್ಟಿ ಲೇಪ ಇರುವುದರಿಂದ ಸುಲಭವಾಗಿ ಗೀರು ಬೀಳುವುದಿಲ್ಲ, ಆದರೆ ಬೆರಳಿನ ಜಿಡ್ಡು ಸಾಕು. ಅದರಲ್ಲೂ ಮೂರು ಪದರದ 100 ಜಿಬಿ ಡಿಸ್ಕ್ ಬಲು ಸೂಕ್ಷ್ಮ, ಸಿನಿಮಾ ಮಧ್ಯದಲ್ಲಿ ನಿಂತುಬಿಡುತ್ತದೆ. ಒರೆಸುವಾಗ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಎಳೆಯಿರಿ. ಸುತ್ತ ತಿರುಗಿಸಬೇಡಿ. ಅಡ್ಡ ಬಿದ್ದ ಗೀರನ್ನು ಪ್ಲೇಯರ್ ಲೆಕ್ಕ ಹಾಕಿ ಸರಿ ಮಾಡಿಕೊಳ್ಳುತ್ತದೆ, ಟ್ರ್ಯಾಕ್ ಉದ್ದಕ್ಕೂ ಬಿದ್ದದ್ದನ್ನು ಮಾಡಿಕೊಳ್ಳುವುದು ಕಷ್ಟ. ಹೊಸ ಡಿಸ್ಕ್ ಓಡದೇ ಇದ್ದರೆ ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲುವ ಮೊದಲು ಪ್ಲೇಯರ್‌ನ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ನೋಡಿ. ಮತ್ತೆ ಕರೆಂಟು. ಸಂಜೆ ಹೋಗಿ ಬರುವುದು ನಮಗೆ ಹೊಸದಲ್ಲ, ಪ್ಲೇಯರ್‌ಗೆ ಒಂದು ಸಣ್ಣ ಯುಪಿಎಸ್ ಇದ್ದರೆ ಒಳ್ಳೆಯದು.

ನಮ್ಮ ಮನೆಯ ತೀರ್ಮಾನ ಹೀಗಾಯಿತು. ಟಿವಿ ಸ್ಯಾಮ್‌ಸಂಗ್, ಹಾಗಾಗಿ ಎಚ್‌ಡಿಆರ್10 ಪ್ಲಸ್ ಬೇಕು. ಡ್ರಾಯರ್‌ನಲ್ಲಿ ಜಾಸ್ತಿ ಇರುವುದು ಇಂಗ್ಲೆಂಡಿನ ಬ್ಲೂ-ರೇ, ಹಾಗಾಗಿ ಬಿ ಪ್ರದೇಶ ಬೇಕು. ಎರಡೂ ಸೇರಿದರೆ ಸಿಗುವುದು ಬ್ರಿಟನ್ ಮಾದರಿಯ ಯುಬಿ820. ಮಾದರಿ ಸಂಖ್ಯೆಯ ಕೊನೆಯಲ್ಲಿ ‘ಇಬಿ’ ಅಂತ ಇರುತ್ತದೆ, ಅಕ್ಕನಿಗೆ ಅದನ್ನೇ ಬರೆದು ಕಳಿಸಿದ್ದೇನೆ. ಇಲ್ಲಿ ಕೊಂಡ ಸಿ ಪ್ರದೇಶದ ಬ್ಲೂ-ರೇಗಳಿಗೆ ಹಳೆಯ ಪ್ಲೇಯರ್ ಕಪಾಟಿನಲ್ಲಿ ಇದ್ದೇ ಇದೆ. ಅಕ್ಕ ದಸರಾಕ್ಕೆ ಬರುತ್ತಾಳೆ. ಕಸ್ಟಮ್ಸ್ ಮಿತಿ ಎಷ್ಟು ಅಂತ ಈಗಿನಿಂದಲೇ ಭಾವ ಲೆಕ್ಕ ಹಾಕುತ್ತಿದ್ದಾರೆ. ಅವರ ಸೂಟ್‌ಕೇಸಿನಲ್ಲಿ ಜಾಗ ಮಾಡಿಸುವುದು ಬೇರೆಯದೇ ಹೋರಾಟ.