ಗಂಡಾಳು, ಹೆಣ್ಣಾಳು: ಈ ಗೆರೆ ಎಳೆದವರು ಯಾರು?

(ದೃಶ್ಯ: ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ ಅಂಗಳ)

ನಮಸ್ಕಾರ. ಕೊಡವರಲ್ಲಿ ಒಂದು ಹಳೆಯ ಪದ್ಧತಿ ಇದೆ. ಗಂಡುಮಗು ಹುಟ್ಟಿದರೆ ಕೋವಿಯಿಂದ ಒಂದು ಗುಂಡು ಹಾರಿಸುತ್ತಾರೆ. ಹರಳು ಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲು-ಬಾಣ ಮಾಡಿ ಕೂಸಿನ ಕೈಗೆ ಕೊಡುತ್ತಾರೆ. ಇನ್ನೂ ಸರಿಯಾಗಿ ಕಣ್ಣು ಬಿಡದ ಕೂಸು. ಬೇಟೆ, ಯುದ್ಧ ಅದಕ್ಕೇನು ಗೊತ್ತು? ಗಂಡಿನ ದೇಹ ಹುಟ್ಟಿನಿಂದ ಬಂತು. ಆದರೆ ಬಿಲ್ಲು ಹಿಡಿಯಬೇಕಾದವನು ಇವನೇ ಅಂತ ತೀರ್ಮಾನಿಸಿದ್ದು ಸುತ್ತ ಇದ್ದ ಜನ. ಜೆಂಡರ್, ಅಂದರೆ ಲಿಂಗತ್ವ, ಇಂಥ ತೀರ್ಮಾನಗಳಿಂದಲೇ ಬೆಳೆಯುತ್ತದೆ.

ಹಾಗಾಗಿಯೇ ಅದು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಎಷ್ಟೋ ಸಮುದಾಯಗಳಲ್ಲಿ ವಿಧವೆಯನ್ನು ಮದುವೆ ಮನೆಯಲ್ಲಿ ಹಿಂದೆ ನಿಲ್ಲಿಸುತ್ತಾರೆ. ಕೊಡವ ಮದುವೆಯಲ್ಲಿ ತಾಯಿ ವಿಧವೆಯಾಗಿದ್ದರೂ ಮೊದಲು ಹರಸುವುದು ಅವಳೇ. ಈಗ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೆಣ್ಣುಮಕ್ಕಳೂ ಇಳಿಯುತ್ತಾರೆ. ನೋಡಲು ಖುಷಿಯಾಗುತ್ತದೆ.

ಹುಟ್ಟಿದಾಗ ಊರು ಹೇಳಿದ್ದಕ್ಕೂ ಒಳಗೆ ಅನ್ನಿಸುವುದಕ್ಕೂ ಹೊಂದದವರೂ ನಮ್ಮ ನಡುವೆ ಇದ್ದಾರೆ. ತಾನು ಯಾರು ಅಂತ ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ (ನಾಲ್ಸಾ) ಹೂಡಿದ್ದ ಪ್ರಕರಣದ ತೀರ್ಪಿನಲ್ಲಿ ಹೇಳಿತು. ಟ್ರಾನ್ಸ್‌ಜೆಂಡರ್ ಮಹಿಳೆ, ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಇಡೀ ಕರ್ನಾಟಕ ಹೆಮ್ಮೆಪಟ್ಟಿತು, ಅಲ್ವಾ?

(ದೃಶ್ಯ: ಕಾಫಿ ತೋಟ, ಕುಯ್ಲಿನ ಸಮಯ)

ಈಗ ತೋಟಕ್ಕೆ ಬನ್ನಿ. ನನ್ನನ್ನು ಜಾಸ್ತಿ ಕಾಡುವುದು ಇದೇ. ಕಾಫಿ ಹಣ್ಣು ಕುಯ್ಯುವವರಲ್ಲಿ ಹೆಂಗಸರೇ ಹೆಚ್ಚು. ಕರಿಮೆಣಸು ಕುಯ್ಯಲು ಏಣಿ ಹತ್ತುವವರು ಗಂಡಸರು. ಏಣಿಯ ಕೆಲಸ ಅಪಾಯದ್ದು, ಅದಕ್ಕೆ ಕೂಲಿ ಜಾಸ್ತಿ ಕೊಡಲಿ. ಆದರೆ ನೆಲದ ಮೇಲಿನ ಕೆಲಸಕ್ಕೂ ಹಲವು ಕಡೆ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಇನ್ನೊಂದು. ಬೆಳಿಗ್ಗೆಯಿಂದ ಬಗ್ಗಿ ದುಡಿದು, ಸಂಜೆ ಮೂಟೆ ಹೊತ್ತು ತರುವವಳನ್ನು ನೋಡಿಯೂ 'ಹೆಂಗಸರದು ಹಗುರ ಕೆಲಸ' ಅನ್ನುತ್ತೇವೆ. ತೋಟದ ಕೆಲಸಗಾರರ ಸಾಲುಮನೆಗೆ, ಅಂದರೆ ಲೈನ್ ಮನೆಗೆ ಹೋದ ಮೇಲೆ ಒಲೆ ಹಚ್ಚುವವಳೂ ಅವಳೇ. ಅದಕ್ಕಂತೂ ಕೂಲಿಯೇ ಇಲ್ಲ.

ಸಮಾನ ವೇತನದ ಕಾನೂನು ಬಂದಿದ್ದು 1976ರಲ್ಲಿ. ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಕೊಡಬೇಕು ಅಂತ ಅದು ಹೇಳಿತು. ಆದರೆ ಕೆಲಸವನ್ನೇ ಮೊದಲು ಗಂಡಿನದು, ಹೆಣ್ಣಿನದು ಅಂತ ಬೇರೆ ಮಾಡಿಟ್ಟರೆ ಹೋಲಿಸಲು ಏನು ಉಳಿಯಿತು?

ನಿಮ್ಮ ಕಡೆ ಕಳೆ ತೆಗೆಯಲು ಇಬ್ಬರಿಗೂ ಎಷ್ಟೆಷ್ಟು ಕೊಡುತ್ತಾರೆ? ಕಮೆಂಟ್‌ನಲ್ಲಿ ಬರೆಯಿರಿ.