ಕಾವಲಿನ ಮಿತಿ ಎಷ್ಟಿರಬೇಕು?

ಕೇಳುಗರಿಗೆ ನಮಸ್ಕಾರ.

ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಎಂಬ, ಹೊರೆ ಹೆಚ್ಚಾದಾಗ ಮೋಟಾರನ್ನು ನಿಲ್ಲಿಸುವ ಸಾಧನ ಇರುವುದನ್ನು ನಮ್ಮ ರೈತರೆಲ್ಲ ಬಲ್ಲರು. ಮೋಟಾರು ಪದೇ ಪದೇ ಟ್ರಿಪ್ ಆಗುತ್ತಿದೆಯೆಂದು, ಕಾರಣ ಹುಡುಕದೆ ಆ ರಿಲೇಯ ಮಿತಿಯನ್ನು ಏರಿಸಿಟ್ಟರೆ ಒಂದು ದಿನ ವೈಂಡಿಂಗೇ ಸುಟ್ಟುಹೋಗುತ್ತದೆ. ತೀರ ಇಳಿಸಿಟ್ಟರೆ ಬೆಳೆಗೆ ನೀರು ಹಾಯುವುದಿಲ್ಲ. ಅಮೆರಿಕದ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್‌ಗಳಲ್ಲಿರುವ ಮತ್ತು ಬಾಹ್ಯಾಕಾಶದ ಭಾರಿ ಘಟನೆಗಳಿಂದ ಹೊಮ್ಮುವ ಸೂಕ್ಷ್ಮ ಅಲೆಗಳನ್ನು ಹಿಡಿಯುವ ಲೈಗೋ ಗುರುತ್ವ ತರಂಗ ವೀಕ್ಷಣಾಲಯಗಳ ಎಂಜಿನಿಯರುಗಳ ಮುಂದಿರುವುದೂ ಇದೇ ಪ್ರಶ್ನೆ.

ಅಲ್ಲಿ ನಾಲ್ಕು ಕಿಲೋಮೀಟರ್ ಉದ್ದದ ಎರಡು ತೋಳುಗಳ ತುದಿಯಲ್ಲಿ 40 ಕಿಲೋ ತೂಕದ ಕನ್ನಡಿಗಳು ಗಾಜಿನ ಎಳೆಗಳಿಂದ ತೂಗುತ್ತಿರುತ್ತವೆ. ಪ್ರೋಟಾನಿನ ಅಗಲದ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಅಲುಗಾಟವನ್ನು ಅಳೆಯಬೇಕಾದ ಈ ಕನ್ನಡಿಗಳನ್ನು ನೆಲದ ನಡುಕದಿಂದ ದೂರವಿಡಲು, ಅವುಗಳ ಮೇಲಿರುವ ಟನ್ನುಗಟ್ಟಲೆ ತೂಕದ ವೇದಿಕೆಗಳಲ್ಲಿ ಕಂಪನಮಾಪಕಗಳು, ಸ್ಥಾನ ಸಂವೇದಕಗಳು ಮತ್ತು ವೇದಿಕೆಯನ್ನು ಎದುರು ದಿಕ್ಕಿಗೆ ತಳ್ಳುವ ವಿದ್ಯುತ್ಕಾಂತೀಯ ಸಾಧನಗಳು ಎಡೆಬಿಡದೆ ಕೆಲಸ ಮಾಡುತ್ತವೆ. ಸಂವೇದಕದ ಸಂಕೇತ ಗೊತ್ತುಪಡಿಸಿದ ಮಿತಿಯನ್ನು ದಾಟಿದರೆ ವಾಚ್‌ಡಾಗ್ ಎಂಬ ಕಾವಲು ವ್ಯವಸ್ಥೆ ಆ ತಳ್ಳುವಿಕೆಯನ್ನು ನಿಲ್ಲಿಸಿಬಿಡುತ್ತದೆ.

ಮಿತಿಯನ್ನು ಕೆಳಗಿಟ್ಟಷ್ಟೂ ಉಪಕರಣ ಸುರಕ್ಷಿತ ಎಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಟ್ರಿಪ್ ಆಗುವುದೇ ಒಂದು ಹೊಡೆತ ಎಂಬುದನ್ನು ಮರೆಯಬಾರದು. ಹಿಡಿದಿದ್ದ ಬಲ ಒಮ್ಮೆಲೇ ಇಲ್ಲವಾದಾಗ ವೇದಿಕೆ ವಾಲುತ್ತದೆ. ಆ ವಾಲಿಕೆಯನ್ನು ಕಂಪನಮಾಪಕವು ಅಡ್ಡ ಚಲನೆಯೆಂದೇ ಓದುತ್ತದೆ. ನಿಧಾನಗತಿಯ ಕಂಪನಗಳನ್ನು ಅಳೆಯಲೆಂದೇ ಮಾಡಿದ ಮಾಪಕ ಹೀಗೆ ಒಮ್ಮೆ ತನ್ನ ಅಳತೆಯ ಗಡಿ ಮೀರಿದರೆ ತಹಬಂದಿಗೆ ಬರಲು ಎಷ್ಟೋ ನಿಮಿಷ ಬೇಕು. ಅದುವರೆಗೆ ನಿಯಂತ್ರಣ ಕೊಠಡಿಯವರು ಪರದೆಯ ಮೇಲಿನ ಗೆರೆ ಇಳಿಯುವುದನ್ನು ನೋಡುತ್ತ ಕಾಯಬೇಕು. ಬಳಿಕ ಲೇಸರ್ ಕಿರಣವನ್ನು ಮತ್ತೆ ಕನ್ನಡಿಗಳ ನಡುವೆ ನೆಲೆಗೊಳಿಸುವ ಕೆಲಸವೂ ಇದೆ. 2015ರ ಸೆಪ್ಟೆಂಬರ್ 14ರಂದು ಸಿಕ್ಕ ಮೊಟ್ಟಮೊದಲ ಗುರುತ್ವ ತರಂಗದ ಸಂಕೇತ ಕೇಳಿಸಿದ್ದು ಸೆಕೆಂಡಿನ ಐದನೇ ಒಂದು ಪಾಲಿನಷ್ಟು ಹೊತ್ತು ಮಾತ್ರ. ಅನಗತ್ಯ ಟ್ರಿಪ್‌ನಿಂದ ಹೋದ ಅರ್ಧ ಗಂಟೆಯ ಬೆಲೆಯನ್ನು ನಾನು ಈ ಲೆಕ್ಕದಲ್ಲಿ ಅಳೆಯುತ್ತೇನೆ.

ಹಾಗೆಂದು ಮಿತಿಯನ್ನು ಮನಬಂದಂತೆ ಏರಿಸುವಂತಿಲ್ಲ. ಸಂಕೇತವನ್ನು ಅಂಕಿಗಳಾಗಿ ಪರಿವರ್ತಿಸುವ 16 ಬಿಟ್ಟಿನ ಸಾಧನಕ್ಕೆ ಎರಡೂ ಕಡೆ ಸುಮಾರು 32,768ರ ಗಡಿಯಿದೆ. ಅದರಾಚೆ ಸಂವೇದಕ ಕುರುಡು. ಕುರುಡು ಸಂವೇದಕವನ್ನು ನಂಬಿ ತಳ್ಳುವ ವ್ಯವಸ್ಥೆ ಕಂಪನವನ್ನು ತಗ್ಗಿಸುವ ಬದಲು ಹೆಚ್ಚಿಸಬಹುದು. ಆದ್ದರಿಂದ ಎತ್ತರದ ಮಿತಿಯ ಜೊತೆಗೆ, ಕ್ಷಣಕ್ಷಣಕ್ಕೂ ತೆಗೆದ ಅಳತೆಗಳಲ್ಲಿ ಎಷ್ಟು ಆ ಮಿತಿಯನ್ನು ದಾಟಿದರೆ ಟ್ರಿಪ್ ಆಗಬೇಕು ಎಂಬ ಎಣಿಕೆಯನ್ನೂ ಇಟ್ಟಿರುತ್ತಾರೆ. ಕ್ಷಣಮಾತ್ರದ ಕುಲುಕಾಟ ಈ ಎಣಿಕೆಯನ್ನು ಮುಟ್ಟದೆ ಕಳೆದುಹೋಗುತ್ತದೆ, ಬಿಡದೆ ಮುಂದುವರಿಯುವ ತೊಂದರೆ ಸಿಕ್ಕಿಬೀಳುತ್ತದೆ. ನನ್ನ ಮಟ್ಟಿಗೆ, ಮಿತಿಯ ಎತ್ತರವನ್ನು ಬದಲಿಸುವ ಮೊದಲು ಈ ಎಣಿಕೆಯನ್ನು ಪರಿಶೀಲಿಸುವುದೇ ಸರಿಯಾದ ಕ್ರಮ.

ಅದಕ್ಕೂ ಮೊದಲು ಟ್ರಿಪ್ ಆದ ಗಳಿಗೆಯ ದಾಖಲೆಯನ್ನು ತೆರೆದು ನೋಡಬೇಕು. ವೇದಿಕೆಯ ಬೇರೆ ಬೇರೆ ಮೂಲೆಗಳಲ್ಲಿ ಒಂದೇ ಬಗೆಯ ಸಂವೇದಕಗಳಿರುತ್ತವೆ. ಎಲ್ಲದರ ಗೆರೆಗಳೂ ಒಟ್ಟಿಗೆ ಎದ್ದಿದ್ದರೆ ವೇದಿಕೆ ನಿಜವಾಗಿಯೂ ಅಲುಗಿದೆ. ಒಂದರ ಗೆರೆ ಮಾತ್ರ ನೆಗೆದು ಉಳಿದವು ಶಾಂತವಾಗಿದ್ದರೆ ಕೆಟ್ಟಿರುವುದು ಆ ಸಂವೇದಕ, ಇಲ್ಲವೇ ಅದರ ತಂತಿ. ಆಗ ಮಿತಿಯನ್ನು ಏರಿಸುವುದೆಂದರೆ ರೋಗವನ್ನು ಮುಚ್ಚಿಟ್ಟಂತೆ.

ದೂರದ ಭೂಕಂಪವಾದರೆ ಸಿದ್ಧತೆಗೆ ಸಮಯ ಸಿಗುತ್ತದೆ. ಏಳು ಸಾವಿರ ಕಿಲೋಮೀಟರ್ ಆಚೆ ಭೂಮಿ ನಡುಗಿದರೆ, ಸೆಕೆಂಡಿಗೆ ಮೂರೂವರೆ ಕಿಲೋಮೀಟರಿನಂತೆ ಸಾಗಿಬರುವ ಮೇಲ್ಮೈ ಅಲೆಗಳು ತಲುಪಲು ಅರ್ಧ ಗಂಟೆಯ ಮೇಲಾಗುತ್ತದೆ. ಅಷ್ಟರಲ್ಲಿ ನಿಯಂತ್ರಣದ ಕ್ರಮವನ್ನೇ ಬದಲಿಸಿಕೊಳ್ಳಬಹುದು.

ಹತ್ತಿರದ ಭೂಕಂಪಕ್ಕೆ ಈ ಅವಕಾಶವಿಲ್ಲ. 2023ರಲ್ಲಿ ಕೇಂದ್ರ ಸಚಿವ ಸಂಪುಟ 2,600 ಕೋಟಿ ರೂಪಾಯಿಗಳಿಗೆ ಒಪ್ಪಿಗೆ ನೀಡಿದ ಲೈಗೋ-ಇಂಡಿಯಾ ನೆಲೆಗೊಳ್ಳಲಿರುವುದು ಮರಾಠವಾಡದ ಹಿಂಗೋಲಿ ಜಿಲ್ಲೆಯಲ್ಲಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಬೀದರ್, ಕಲಬುರಗಿಗಳನ್ನೂ ನಡುಗಿಸಿದ ಭೂಕಂಪದ ಕಿಲ್ಲಾರಿಯೂ ಅದೇ ಮರಾಠವಾಡದಲ್ಲಿದೆ. ಹ್ಯಾನ್‌ಫರ್ಡಿನ ಅಂಕಿಗಳನ್ನು ಅಲ್ಲಿಗೆ ಹಾಗೆಯೇ ನಕಲು ಮಾಡಲಾಗದು. ಆ ನೆಲದ ಬೇಸಿಗೆ, ಮಳೆಗಾಲ, ಹಗಲು, ರಾತ್ರಿಗಳ ಕಂಪನವನ್ನು ವರ್ಷಗಟ್ಟಲೆ ದಾಖಲಿಸಿಕೊಂಡು, ಪ್ರತಿಯೊಂದು ಸಂವೇದಕಕ್ಕೂ ಅದರದೇ ಮಿತಿಯನ್ನು ಅಲ್ಲಿಯೇ ಕುಳಿತು ಗೊತ್ತುಪಡಿಸಬೇಕಾಗುತ್ತದೆ.

ನಮಸ್ಕಾರ.