ಗಾಯದ ಪುಸ್ತಕ: ವಾಹನ ಶೋರೂಮು, ವರ್ಕ್‌ಶಾಪುಗಳಲ್ಲಿ ಅಪಘಾತ ವರದಿ

ಮಂಜೇಶ್ವರ, ಕುಂಬಳೆ, ಕಾಸರಗೋಡಿನಿಂದ ಬಂದ ಸರ್ವಿಸ್ ಮ್ಯಾನೇಜರರೇ, ಮೆಕ್ಯಾನಿಕ್ಕುಗಳೇ, ನಮಸ್ಕಾರ.

ಬೆರಳು ಜಜ್ಜಿದಾಗ ನಮ್ಮಲ್ಲಿ ಬಟ್ಟೆ ಕಟ್ಟಿ, 'ನಾಳೆ ಸರಿಯಾಗ್ತದೆ' ಎಂದು ಬಿಡುವ ರೂಢಿ. ಕಾನೂನು ಲೆಕ್ಕ ಹಾಕುವುದು ಗಾಯಾಳು ಕೆಲಸ ಮಾಡಲಾಗದ ಗಂಟೆಗಳನ್ನು. ಸಾವು ಸಂಭವಿಸಿದರೆ, ಅಥವಾ ಗಾಯಾಳು 48 ಗಂಟೆ ಕೆಲಸ ಮಾಡಲಾರದೆ ಹೋದರೆ ಅಧಿಕಾರಿಗೆ ತಿಳಿಸಲೇಬೇಕು. ಹಿಂದಿದ್ದ 1948ರ ಕಾರ್ಖಾನೆ ಕಾಯ್ದೆಯ 88ನೇ ಕಲಮು ಹೇಳಿದ್ದೂ, ಅದರ ಬದಲಿಗೆ 2025 ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತಾ ಸಂಹಿತೆಯ 10ನೇ ಕಲಮು ಹೇಳುವುದೂ ಇದನ್ನೇ. ಹೊಸ ಸಂಹಿತೆಯಲ್ಲಿ ವಿದ್ಯುತ್ ಬಳಸುವ ಕಾರ್ಖಾನೆಗೆ 20 ಜನ ಬೇಕೆಂದು ಕೇಳಿ ನಿಶ್ಚಿಂತರಾದವರುಂಟು. ಸಂಸ್ಥೆಯಲ್ಲಿ 10 ಜನ ಕೆಲಸಗಾರರಿದ್ದರೆ ಸಾಕು, ಸಂಹಿತೆ ಅನ್ವಯಿಸುತ್ತದೆ.

ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಉಂಟು. ಅದರ ಅಪಘಾತ ಪುಸ್ತಕ 11ನೇ ನಮೂನೆ, ಮಾಲೀಕರ ವರದಿ 12ನೇ ನಮೂನೆ. ವಿಷಯ ಗೊತ್ತಾದ 24 ಗಂಟೆಯೊಳಗೆ ವರದಿ ಹೋಗಬೇಕು. ಅಂಗ ಹೋಗುವಂಥ ಗಾಯವಾದರೆ ಕೂಡಲೇ. ಇದು ತಪ್ಪಿದರೆ ನಷ್ಟ ಗಾಯಾಳುವಿಗೆ. ಕೆಲಸದ ಗಾಯವೆಂದು ಒಪ್ಪಿದರೆ ಕೂಲಿಯ 90 ಶೇಕಡಾ ಸಿಗುತ್ತದೆ, ಬರೀ ಕಾಯಿಲೆ ಎಂದಾದರೆ 70. ಕಾಯಿಲೆಯ ಸೌಲಭ್ಯಕ್ಕೆ ಇಂತಿಷ್ಟು ದಿನ ವಂತಿಗೆ ಕಟ್ಟಿರಬೇಕು. ಕೆಲಸದ ಗಾಯಕ್ಕೆ ಆ ಷರತ್ತಿಲ್ಲ, ನಿನ್ನೆ ಸೇರಿದ ಹುಡುಗನಿಗೂ ಸಿಗುತ್ತದೆ. ಅವನ ಹೆಸರನ್ನು ಅಪಘಾತವಾದ ಮೇಲೆ ಗಡಿಬಿಡಿಯಲ್ಲಿ ನೋಂದಾಯಿಸಿದರೆ ಮಾತ್ರ ತಕರಾರು ಖಂಡಿತ.

ಪುಸ್ತಕದಲ್ಲಿ ಏನು ಬರೆಯಬೇಕು? 'ಕೈಗೆ ಪೆಟ್ಟು' ಎಂದರೆ ಯಾವ ಕೈ, ಎಲ್ಲಿ, ಹೇಗೆ ಎಂಬ ಪ್ರಶ್ನೆ ಆರು ತಿಂಗಳ ನಂತರ ಬರುತ್ತದೆ. ಹೀಗೆ ಬರೆಯಿರಿ: 'ಮಧ್ಯಾಹ್ನ 3.20, ಎರಡನೇ ಬೇ, ಎರಡು ಕಂಬದ ಲಿಫ್ಟ್. ಲಿಫ್ಟ್ ತೋಳಿನ ರಬ್ಬರ್ ಪ್ಯಾಡ್ ಜಾರಿ ಎಡಗೈ ತೋರುಬೆರಳಿನ ತುದಿ ಜಜ್ಜಿದೆ. ಕಂಡವರು ಇಬ್ಬರು', ಹೆಸರು ಸಹಿತ. ಗಾಯಾಳು ಬಾಯಲ್ಲಿ ಹೇಳಿದ್ದು ಪುಸ್ತಕಕ್ಕೆ ಸರಿಯಾಗಿ ಏರಿದರೆ ಅದೇ ಅವನು ಕೊಟ್ಟ ನೋಟೀಸು. ಆದ್ದರಿಂದ ಅವನ ಮಾತನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಿಯೇ ಸಹಿ ಹಾಕಿಸಿ. ಕೊನೆಯ ದಾಖಲೆಯಿಂದ 5 ವರ್ಷ ಆ ಪುಸ್ತಕ ಇರಬೇಕು.

ಇಲ್ಲಿಯವರು ತಲಪಾಡಿ ಗಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಓಡುವುದು ಸಹಜ. ಚಿಕಿತ್ಸೆ ಕರ್ನಾಟಕದಲ್ಲಾದರೂ ಅಪಘಾತವಾದದ್ದು ಕೇರಳದಲ್ಲಿ; 48 ಗಂಟೆಯ ವರದಿ ಇಲ್ಲಿನ ಅಧಿಕಾರಿಗೇ. ಟೆಸ್ಟ್ ಡ್ರೈವ್‌ನಲ್ಲೋ ಆರ್‌ಟಿಒ ಕೆಲಸಕ್ಕೆ ಹೋಗುವಾಗಲೋ ಬಿದ್ದ ಸೇಲ್ಸ್‌ನವರನ್ನು ಮರೆಯಬೇಡಿ. ಮನೆಯಿಂದ ಕೆಲಸಕ್ಕೆ ಬರುವ ದಾರಿಯ ಅಪಘಾತವೂ, ಕೆಲಸದೊಂದಿಗೆ ನಂಟು ತೋರಿಸಿದರೆ, 2010ರಿಂದ ಇಎಸ್‌ಐ ಲೆಕ್ಕಕ್ಕೆ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಬಿಟ್ಟುಹೋಗುವುದು ಕಾಯಿಲೆ, ಅದಕ್ಕೆ ರಕ್ತ ಬರುವುದಿಲ್ಲವಲ್ಲ! ವೃತ್ತಿ ಸುರಕ್ಷತಾ ಸಂಹಿತೆಯ ಮೂರನೇ ಅನುಸೂಚಿಯಲ್ಲಿ ಐಸೋಸಯನೇಟ್ ವಿಷ, ಪೈಂಟ್ ತಾಗಿ ಬರುವ ಚರ್ಮರೋಗ, ಸದ್ದಿನಿಂದ ಬರುವ ಕಿವುಡು ಎಲ್ಲ ಉಂಟು. ನೋಡಿದ ವೈದ್ಯರೂ ತಿಳಿಸಬೇಕು. ಎರಡು ಡಬ್ಬಿ ಬೆರೆಸುವ ಪೈಂಟಿನ ಹಾರ್ಡ್‌ನರ್‌ನಲ್ಲಿ, ಅಂದರೆ ಪೈಂಟನ್ನು ಗಟ್ಟಿಯಾಗಿಸುವ ದ್ರವದಲ್ಲಿ, ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಪೈಂಟರನಿಗೆ ರಜೆಯಲ್ಲಿ ಉಬ್ಬಸ ಇಳಿದು, ಕೆಲಸಕ್ಕೆ ಬಂದ ದಿನ ರಾತ್ರಿ ಮರುಕಳಿಸಿದರೆ ಡಾಕ್ಟರ ಹತ್ತಿರ ಹೋಗುವಾಗ ಹಾರ್ಡ್‌ನರ್ ಡಬ್ಬಿಯ ಲೇಬಲಿನ ಫೋಟೋ ಜತೆಯಲ್ಲಿರಲಿ.